ಪಿ.ಜೆ. ಬಡಾವಣೆಯ ದೊಡ್ಡ ಹಲ್ಲು

ಆಗೆಲ್ಲ ದಾವಣಗೆರೆಯ ಪಿ.ಜೆ. ಬಡಾವಣೆಗೆ ಹೋಗುವವರು ಆಟೋದವನಿಗೆ ರಸ್ತೆಯ ಹೆಸರು, ಕ್ರಾಸಿನ ನಂಬರು ಹೇಳುತ್ತಿರಲಿಲ್ಲ. "ಹಲ್ಲಿನ ಹತ್ರ ಬಿಡಪ್ಪ" ಅಂದರೆ ಸಾಕಿತ್ತು. ಹಲ್ಲು ಅಂದರೆ ಒಂದು ಹಲ್ಲಲ್ಲ, ಪೂರ್ತಿ ಬಾಯಿ. ಹಲ್ಲು ಕಟ್ಟುವ ಜಮಾಲುದ್ದೀನ್ ಸಾಹೇಬರ ಅಂಗಡಿಯ ನೆತ್ತಿಯ ಮೇಲೆ, ರಸ್ತೆಯ ಕಡೆಗೆ ಚಾಚಿಕೊಂಡು, ಎತ್ತಿನ ಗಾಡಿಯಷ್ಟು ಅಗಲದ ತಗಡಿನ ಬಾಯಿ. ಒಸಡಿಗೆ ಗುಲಾಬಿ ಬಣ್ಣ, ಹಲ್ಲಿಗೆ ಹಾಲಿನಂಥ ಬಿಳಿ. ಕೆಳದವಡೆಯನ್ನು ಬಾಗಿಲಿನ ಕೀಲುಗಳಿಗೆ ತೂಗುಬಿಟ್ಟಿದ್ದರಿಂದ ಗಾಳಿ ಬಂದಾಗಲೆಲ್ಲ ಬಾಯಿ ತೆರೆದು ಮುಚ್ಚಿ ಲಟಲಟ ಅನ್ನುತ್ತಿತ್ತು. ಆಷಾಢದಲ್ಲಂತೂ ಅದು ಇಡೀ ಬೀದಿಗೆ ಏನೋ ಬುದ್ಧಿ ಹೇಳುತ್ತಿದೆ ಅನ್ನಿಸುವುದು.

ಅದನ್ನು ಮಾಡಿದವನು ಬೋರ್ಡ್ ಗುತ್ತಿಗೆದಾರ ಮಸ್ತಾನಸಾಬ. ಅಂಗಡಿಯ ಬೋರ್ಡು ಬರೆಯುವುದು, ಏರಿಸುವುದು, ಮುನಿಸಿಪಾಲಿಟಿಯಿಂದ ಅದಕ್ಕೆ ಪರವಾನಗಿ ತರುವುದು, ಅದನ್ನು ವರ್ಷಾವರ್ಷ ನವೀಕರಿಸುವುದು, ಎಲ್ಲ ಅವನದೇ ಗುತ್ತಿಗೆ. ಜವಳಿ ಅಂಗಡಿ, ಸೋಡಾ ಫ್ಯಾಕ್ಟರಿ, ಖಾನಾವಳಿ ಅಂತ ಊರಿನ ಅರ್ಧ ಬೋರ್ಡು ಅವನ ಕೈಯವೇ. ಆದರೆ ಅವನ್ನೆಲ್ಲ ಅವನು ದುಡಿಮೆ ಅನ್ನುತ್ತಿದ್ದ. ಹಲ್ಲನ್ನು ಮಾತ್ರ ನನ್ನದು ಅನ್ನುತ್ತಿದ್ದ. ಸಂಜೆ ಎದುರಿನ ಚಹಾದಂಗಡಿಯಲ್ಲಿ ನಿಂತು, ಗುರುತಿಲ್ಲದವರು ಯಾರಾದರೂ ತಲೆ ಎತ್ತಿ ನೋಡಿದರೆ ಸಾಕು, ಪಕ್ಕಕ್ಕೆ ಸರಿದು ಹೋಗಿ, ಅದು ನಮ್ಮ ಕೈಯದೇ ಅಂತ ತಿಳಿಸಿ ಬರುತ್ತಿದ್ದ. ಊರವರು ಅವನನ್ನು ಹಲ್ಲಿನ ಮಸ್ತಾನಸಾಬ ಅಂತಲೇ ಕರೆಯುತ್ತಿದ್ದರು. ಅವನ ಬಾಯಲ್ಲಿ ಮುಂದಿನ ಎರಡು ಹಲ್ಲು ಇರಲಿಲ್ಲ ಅನ್ನುವುದು ಬೇರೆ ಮಾತು.

ಆ ವರ್ಷ ಜಮಾಲುದ್ದೀನ್ ಸಾಹೇಬರು ಕೈ ನಡುಗುತ್ತದೆ ಅಂತ ಅಂಗಡಿಯನ್ನು ತಂಗಿಯ ಮಗ ಹಿದಾಯತ್‌ಗೆ ಒಪ್ಪಿಸಿ, ಹರಿಹರದಲ್ಲಿ ಮಗಳ ಮನೆ ಸೇರಿದರು. ಅಂಗಡಿ ಹಿದಾಯತ್ ಹೆಸರಿಗೆ ಆಯಿತು, ಕರೆಂಟು ಆಯಿತು, ನಲ್ಲಿ ಆಯಿತು. ಹಲ್ಲಿನ ಪರವಾನಗಿ ಮಾತ್ರ ಹಳೆಯ ಹೆಸರಿನಲ್ಲೇ ಉಳಿಯಿತು. ಮುನಿಸಿಪಾಲಿಟಿಯಿಂದ ನೋಟೀಸು ಬಂತು: ಈ ತಿಂಗಳೊಳಗೆ ಪರವಾನಗಿಯನ್ನು ಹೊಸ ಹೆಸರಿಗೆ ವರ್ಗಾಯಿಸಿಕೊಳ್ಳದಿದ್ದರೆ ವಾರಸುದಾರರಿಲ್ಲದ ಬೋರ್ಡು ಅಂತ ಕಿತ್ತು ಹಾಕಲಾಗುವುದು.

ಹಿದಾಯತ್ ನೋಟೀಸನ್ನು ಮಸ್ತಾನಸಾಬನ ಕೈಗೆ ಕೊಟ್ಟು, ಹೋದರೆ ಹೋಗಲಿ ಚಾಚಾ, ಒಂದು ಸಣ್ಣ ಪ್ಲಾಸ್ಟಿಕ್ ಬೋರ್ಡು ಹಾಕೋಣ ಅಂದ. ಮಸ್ತಾನಸಾಬನಿಗೆ ಅವತ್ತು ಚಹಾ ಸೇರಲಿಲ್ಲ. ಕಿತ್ತ ತಗಡು ಎಲ್ಲಿಗೆ ಹೋಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಗುಜರಿಗೆ ಹೋಗುತ್ತದೆ, ಆಮೇಲೆ ಯಾರದೋ ಕೋಳಿಗೂಡಿನ ಮಾಡು ಆಗುತ್ತದೆ. ತನ್ನ ಹಲ್ಲಿನ ಕೆಳಗೆ ಕೋಳಿಗಳು ಮೊಟ್ಟೆ ಇಡುವುದನ್ನು ನೆನೆದು ಅವನು ಸೀದಾ ಕಚೇರಿಗೆ ನಡೆದ.

ಅಲ್ಲಿ ತಿಳಿದದ್ದು ಇಷ್ಟು. ಹಳೆಯ ಮಾಲೀಕನ ಸಹಿ ಬೇಕು. ಎದುರು ಮನೆಯವರು ತಕರಾರಿಲ್ಲ ಅಂತ ಬರೆದುಕೊಡಬೇಕು. ಕೊನೆಗೆ ಇನ್ಸ್‌ಪೆಕ್ಟರ್ ನಾಗರಾಜಪ್ಪ ಜಾಗಕ್ಕೆ ಬಂದು ಅಳತೆ ನೋಡಬೇಕು. ಹಳೆಯ ಮಾಲೀಕರು ಹರಿಹರದಲ್ಲಿದ್ದಾರೆ, ಬಸ್ಸು ಹತ್ತಿದರೆ ಆಯಿತು. ಇನ್ಸ್‌ಪೆಕ್ಟರ್ ಬಹಳ ಕಟ್ಟುನಿಟ್ಟು, ಆದರೂ ಮನುಷ್ಯ. ಕಷ್ಟ ಇದ್ದದ್ದು ನಡುವಿನದರಲ್ಲಿ. ಎದುರು ಮನೆ ಅಂದರೆ ಕಸ್ತೂರಮ್ಮನ ಮನೆ.

ಕಸ್ತೂರಮ್ಮನ ಗಂಡ ಹತ್ತಿ ವ್ಯಾಪಾರ ಮಾಡಿ ತೀರಿಕೊಂಡಿದ್ದರು. ಮನೆಯಲ್ಲಿ ಈಗ ಆಕೆ ಮತ್ತು ಮಗಳು ಅನ್ನಪೂರ್ಣ. ಇಡೀ ಬಡಾವಣೆ ಹಲ್ಲಿನ ಗುರುತು ಹೇಳಿದರೂ ಕಸ್ತೂರಮ್ಮ ಹೇಳುತ್ತಿರಲಿಲ್ಲ. ಯಾರು ವಿಳಾಸ ಕೇಳಿದರೂ, ಬೇವಿನ ಮರದ ಮುಂದಿನ ಮನೆ ಅನ್ನುತ್ತಿದ್ದರು. ಆ ಬೇವಿನ ಮರವನ್ನು ಕಡಿದು ಎಷ್ಟೋ ವರ್ಷ ಆಗಿತ್ತು. ಬಂದ ನೆಂಟರೆಲ್ಲ ಮರ ಹುಡುಕುತ್ತ ಬಡಾವಣೆ ಸುತ್ತಿ, ಕೊನೆಗೆ ಹಲ್ಲಿನ ಕೆಳಗೆ ನಿಂತು ದಾರಿ ಕೇಳುತ್ತಿದ್ದರು.

ಮಸ್ತಾನಸಾಬ ಕಾಗದ ಹಿಡಿದು ಹೋದಾಗ ಆಕೆ ಬೈಯಲಿಲ್ಲ. ಒಳಗೆ ಕರೆದರು.

"ಕೂಡ್ರಿ ಸಾಬ್ರೇ. ಆ ಕುರ್ಚಿ ಬ್ಯಾಡ, ಈ ಕುರ್ಚಿ ಮ್ಯಾಲೆ ಕೂಡ್ರಿ. ಕಿಟಕಿಯಾಗ ಏನ್ ಕಾಣಸ್ತೈತೆ ಹೇಳ್ರಿ."

"ನನ್ನ ಬೋರ್ಡು ಅಕ್ಕಾರೇ," ಅಂದ ಮಸ್ತಾನಸಾಬ. ಅದರ ಮುಂದಿನ ಹಲ್ಲುಗಳು ಅಷ್ಟು ಚೆನ್ನಾಗಿ ಬೇರೆ ಎಲ್ಲಿಂದಲೂ ಕಂಡಿರಲಿಲ್ಲ.

"ಇನ್ನೊಂದೀಟು ಹೊತ್ತು ನೋಡ್ರಿ."

ನೋಡಿದ. ನೋಡುತ್ತ ನೋಡುತ್ತ ಅವನ ನಾಲಿಗೆ ತಾನಾಗಿ ಮುಂದಿನ ಖಾಲಿ ಜಾಗಕ್ಕೆ ಹೋಗಿ ಅಲ್ಲೇ ಆಡತೊಡಗಿತು.

"ಹೋತಲ್ಲ ನಾಲಿಗಿ?" ಅಂದರು ಕಸ್ತೂರಮ್ಮ. "ನನ್ನ ಮಗಳ್ನ ನೋಡಾಕ ಬಂದವರದ್ದೆಲ್ಲ ಹಿಂಗೇ ಹೋಗ್ತೈತೆ. ಮೊದ್ಲು ಅದರ ಹಲ್ಲು ನೋಡ್ತಾರೆ, ಆಮ್ಯಾಲೆ ತಮ್ಮವು ಮುಟ್ಟಿ ನೋಡಿಕೊಂತಾರೆ, ಆಮ್ಯಾಲೆ ನನ್ನ ಮಗಳ ಹಲ್ಲು ನೋಡ್ತಾರೆ. ಮುಖ ಯಾರೂ ನೋಡಂಗಿಲ್ಲ. ದನದ ಸಂತಿ ಆಗೇತ್ರಿ ನಮ್ಮ ಮನಿ."

ಕಸ್ತೂರಮ್ಮ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅನ್ನಪೂರ್ಣನ ಹಲ್ಲು ಮಲ್ಲಿಗೆಯ ಮೊಗ್ಗು ಪೋಣಿಸಿದಂತೆ ಚೆನ್ನಾಗಿದ್ದವು. ಅವಳ ತೊಂದರೆ ನಗು. ಉಪ್ಪಿಟ್ಟಿನ ತಟ್ಟೆ ಹಿಡಿದು ಬರುವ ಹೊತ್ತಿಗೆ ಸರಿಯಾಗಿ ಎದುರಿನ ಬಾಯಿ ಲಟಲಟ ಅನ್ನುವುದು, ಅವಳಿಗೆ ನಗು ಒತ್ತಿಕೊಂಡು ಬರುವುದು. ಗಂಡಿನವರ ಮುಂದೆ ನಗಬಾರದು ಅಂತ ತುಟಿ ಬಿಗಿದು ನಿಲ್ಲುವಳು. ಲೋಕಿಕೆರೆಯಿಂದ ಬಂದವರು ಹುಡುಗಿಗೆ ಮಾತು ಬರುತ್ತದೋ ಇಲ್ಲವೋ ಅಂತ ಕೇಳಿ ಹೋದರು. ಕೊಂಡಜ್ಜಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಲ್ಲು ಹುಡುಗಿಯ ಸ್ವಂತದವೋ ಅಥವಾ ಎದುರು ಅಂಗಡಿಯವೋ ಅಂತ ವಿಚಾರಿಸಿದರು.

"ನನ್ನ ಮಗಳ ಮದುವಿ ಗೊತ್ತಾಗ್ಲಿ, ಅವತ್ತೇ ಸಹಿ ಹಾಕ್ತೀನಿ," ಅಂದು ಕಸ್ತೂರಮ್ಮ ಕಾಗದವನ್ನು ವಾಪಸು ಕೊಟ್ಟರು. "ಅಲ್ಲಿ ತನಕ ನನಗ ತಕರಾರು ಐತೆ."

ಮಸ್ತಾನಸಾಬ ಏನೇನೋ ಗುತ್ತಿಗೆ ಹಿಡಿದಿದ್ದ. ಲಿಂಗಾಯತರ ಮನೆಗೆ ಗಂಡು ಹುಡುಕುವ ಗುತ್ತಿಗೆ ಇದೇ ಮೊದಲು. ಹರಿಹರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವನು ದಾರಿಯಲ್ಲಿ ಹತ್ತಿದ ಗಂಡಸರನ್ನೆಲ್ಲ ಅಳೆಯುವವನಂತೆ ನೋಡಿದ. ಹಣೆಯಲ್ಲಿ ವಿಭೂತಿ ಇದ್ದವರಿಗೆಲ್ಲ ಮದುವೆಯಾಗಿತ್ತು.

ಜಮಾಲುದ್ದೀನ್ ಸಾಹೇಬರು ಹೊಳೆಯ ಕಡೆಯ ಮಗಳ ಮನೆಯ ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದರು. ಸಲಾಮು ಮುಗಿಯುವ ಮೊದಲೇ ಬಾಯಿ ತೆಗೆ ಅಂದರು. ಆ ಎರಡು ಹಲ್ಲು ಇನ್ನೂ ಕಟ್ಟಿಸಿಕೊಂಡಿಲ್ಲವಲ್ಲ ಅಂತ ಬೈದರು. ಆಮೇಲೆ ನಡುಗುವ ಕೈಯಲ್ಲೇ ಸಹಿ ಹಾಕಿದರು. ಕಸ್ತೂರಮ್ಮನ ಷರತ್ತು ಕೇಳಿ ಬಹಳ ಹೊತ್ತು ಗಡ್ಡ ನೀವಿಕೊಂಡು, ಕೊನೆಗೆ ಅಲ್ಲೇ ಹರಿಹರದ ಬೆಲ್ಲದ ಅಂಗಡಿಯ ಮಾಲತೇಶಪ್ಪನವರ ಹೆಸರು ಹೇಳಿದರು. ಅವರ ಮಗ ಶಿವಯೋಗಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಕೆಲಸಗಾರ, ಚಟ ಇಲ್ಲ.

"ಮನೆತನ ಹೆಂಗೈತೆ ಸಾಹೇಬ್ರೇ?"

"ಮಾಲತೇಶಪ್ಪಂದು ಮೇಲಿನ ಸೆಟ್ಟು, ಕೆಳಗಿನ ಸೆಟ್ಟು ಎರಡೂ ನಂದೇ ಮಿಯಾ. ಆ ಬಾಯಾಗೆ ನನ್ನ ಕೈ ಎಷ್ಟೋ ಸಲ ಹೋಗಿ ಬಂದೈತೆ. ಒಂದು ಕೆಟ್ಟ ಮಾತು ಬಂದಿದ್ದು ನೋಡಿಲ್ಲ."

ಹುಡುಗನದು ಒಂದೇ ತಕರಾರು ಅಂತೆ. ಹೆಣ್ಣು ನೋಡಲು ಹೋದಲ್ಲೆಲ್ಲ ಬಾಯಿಗೆ ಕರವಸ್ತ್ರ ಹಿಡಿದುಕೊಂಡು ಕೂರುತ್ತಾನೆ. ಮುಂದಿನ ಹಲ್ಲು ಎರಡು ಸ್ವಲ್ಪ ಹೊರಗೆ, ಅದಕ್ಕೆ ನಾಚಿಕೆ. ಕೆಲವರು ನೆಗಡಿ ಅಂದುಕೊಂಡರು, ಕೆಲವರು ಕಾಯಿಲೆ ಅಂದುಕೊಂಡರು. ಹಲ್ಲು ಸರಿ ಮಾಡಿಕೊಡುತ್ತೇನೆ ಬಾ ಅಂತ ಸಾಹೇಬರೇ ಕರೆದಿದ್ದರು. ದೊಡ್ಡ ಬೋರ್ಡು ಕಂಡರೆ ಭಯ ಅಂತ ಹುಡುಗ ಬಂದಿರಲಿಲ್ಲ.

ಹಲ್ಲು ಕಟ್ಟಿದವರ ಮಾತು ಅಂದಮೇಲೆ ಮಾಲತೇಶಪ್ಪನವರು ಇಲ್ಲ ಅನ್ನಲಿಲ್ಲ. ಬರುವ ಸೋಮವಾರ ಮಧ್ಯಾಹ್ನ ಬರುತ್ತೇವೆ ಅಂದರು. ಮಸ್ತಾನಸಾಬ ಕುಣಿಯುತ್ತ ದಾವಣಗೆರೆಗೆ ಬಂದು ಇಳಿದರೆ, ಹಿದಾಯತ್ ಇನ್ನೊಂದು ಸುದ್ದಿ ಹಿಡಿದು ನಿಂತಿದ್ದ. ಇನ್ಸ್‌ಪೆಕ್ಟರೂ ಸೋಮವಾರವೇ ಬರುತ್ತಾರಂತೆ, ಬೆಳಿಗ್ಗೆ.

ಮಸ್ತಾನಸಾಬ ಹೆದರಲಿಲ್ಲ. ಬೆಳಿಗ್ಗೆ ಇನ್ಸ್‌ಪೆಕ್ಟರು ನೋಡಿ ಹೋಗಲಿ, ಮಧ್ಯಾಹ್ನ ಗಂಡಿನವರು ಬರುವ ಮುಂಚೆ ಹಲ್ಲನ್ನು ಮುಚ್ಚಿಬಿಟ್ಟರೆ ಆಯಿತು ಅಂದುಕೊಂಡ. ಹೆಂಡತಿ ಹಜೀರಾಬೀಯಿಂದ ಹಾಸಿಗೆಯ ಚಾದರಗಳನ್ನು ಜೋಡಿಸಿ ಹೊಲಿಸಿದ. ಅದರಲ್ಲೊಂದು ನವಿಲಿನ ಚಿತ್ತಾರದ್ದು, ತನ್ನ ತವರಿನದು, ಅದಕ್ಕೇನಾದರೂ ಆದರೆ ಮನೆಗೆ ಬರಬೇಡಿ ಅಂದಳು ಹಜೀರಾಬೀ. ಅವನು ನವಿಲು ಒಳಗೆ ಬರುವಂತೆ ತಿರುಗಿಸಿ ಹೊಲಿ ಅಂದ.

ಸೋಮವಾರ ಬೆಳಿಗ್ಗೆ ಇನ್ಸ್‌ಪೆಕ್ಟರು ಬರಲಿಲ್ಲ. ಬಿಸಿಲು ಏರಿತು, ಆಗಲೂ ಬರಲಿಲ್ಲ. ಇನ್ನು ಕಾದರೆ ಕೆಲಸ ಕೆಡುತ್ತದೆ ಅಂತ ಮಸ್ತಾನಸಾಬ ಏಣಿ ಹಾಕಿ ಹಲ್ಲಿಗೆ ಚಾದರ ಮುಚ್ಚಿದ.

ತಪ್ಪಾದದ್ದು ಇಲ್ಲೇ. ಜನ್ಮದಲ್ಲಿ ಅವನು ಬೋರ್ಡಿಗೆ ಬಟ್ಟೆ ಮುಚ್ಚಿದ್ದೆಲ್ಲ ಉದ್ಘಾಟನೆಗೇ. ಹೊಸ ಬೋರ್ಡಿಗೆ ಬಟ್ಟೆ ಹೊದಿಸಿ, ಮೇಲೆ ಒಂದೇ ಒಂದು ಜಾರುಗಂಟು ಹಾಕಿ, ಹಗ್ಗದ ತುದಿಯನ್ನು ಕೆಳಗೆ ಇಳಿಬಿಟ್ಟು, ತುದಿಗೆ ಚೆಂಡುಹೂವು ಕಟ್ಟುವುದು ರೂಢಿ. ದೊಡ್ಡ ಮನುಷ್ಯರು ಬಂದು ಹೂವು ಹಿಡಿದು ಎಳೆದರೆ ಬಟ್ಟೆ ಸರ್ರನೆ ಇಳಿಯಬೇಕು. ತಲೆಯಲ್ಲಿ ಗಂಡಿನವರ ಚಿಂತೆ ತುಂಬಿಕೊಂಡಿತ್ತು, ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಜಾರುಗಂಟು ಹಾಕಿತು, ಹಗ್ಗ ಇಳಿಬಿಟ್ಟಿತು, ಪಕ್ಕದ ಹೂವಿನವಳಿಂದ ಚೆಂಡುಹೂವು ಇಸಿದುಕೊಂಡು ಕಟ್ಟಿಯೂ ಬಿಟ್ಟಿತು. ಮಸ್ತಾನಸಾಬ ಹಿಂದೆ ಸರಿದು ನೋಡಿದ, ನೀಟಾಗಿದೆ ಅನ್ನಿಸಿತು, ಬಾಯಿ ಮುಚ್ಚಿದ್ದೇನೆ ಅಂತ ಕಸ್ತೂರಮ್ಮನಿಗೆ ಹೇಳಿ ಊಟಕ್ಕೆ ಹೋದ.

ಮುಚ್ಚಿದ ಬೋರ್ಡು, ಇಳಿಬಿಟ್ಟ ಹಗ್ಗ, ಹಗ್ಗಕ್ಕೆ ಹೂವು. ದಾವಣಗೆರೆಯ ಜನಕ್ಕೆ ಇನ್ನೇನು ಹೇಳಬೇಕು? ಮೊದಲು ಚಹಾದಂಗಡಿಯವರು ಹೊರಗೆ ಬಂದರು. ಹಿದಾಯತ್ ಹೊಸ ಮಾಲೀಕ, ಹೊಸ ಹಲ್ಲು ಹಾಕಿಸಿದ್ದಾನೆ ಅಂದರು. ಬಂಗಾರದ ಹಲ್ಲಂತೆ ಅಂದರು ಕೆಲವರು. ಇಲ್ಲ, ಈ ಸಲದ್ದು ಕರೆಂಟಿನದು, ಸ್ವಿಚ್ಚು ಹಾಕಿದರೆ ಅಗಿಯುತ್ತದೆ ಅಂತ ಗೋಲಿ ಸೋಡಾದವನು ಕಣ್ಣಾರೆ ಕಂಡವನಂತೆ ಹೇಳಿದ. ಉದ್ಘಾಟನೆಗೆ ಮಂತ್ರಿ ಬರುತ್ತಾರೆ ಅಂತ ಒಬ್ಬರು, ಪೈಲ್ವಾನರು ಅಂತ ಇನ್ನೊಬ್ಬರು. ಮಂಡಕ್ಕಿ ಮಿರ್ಚಿಯ ಗಾಡಿ ತಾನಾಗಿ ಬಂದು ನಿಂತಿತು. ಯಾವುದೋ ಮದುವೆ ಮುಗಿಸಿ ಹೋಗುತ್ತಿದ್ದ ಬ್ಯಾಂಡಿನವರು ಜನ ನೋಡಿ ನಿಂತರು. ನಿಂತ ಮೇಲೆ ಸುಮ್ಮನಿರುವುದು ಹೇಗೆ, ಬಾರಿಸಿದರು.

ಊಟ ಮುಗಿಸಿ ಬಂದ ಮಸ್ತಾನಸಾಬ ಜನದ ನಡುವೆ ನುಗ್ಗಿದ. ಏನೂ ಇಲ್ಲ ಹೋಗ್ರಪ್ಪಾ ಅಂತ ಎಲ್ಲರಿಗೂ ಕೈಮುಗಿದ. ಅವನು ಏನೂ ಇಲ್ಲ ಅಂದಷ್ಟೂ ಜನ ಗಟ್ಟಿಯಾದರು. ಹಗ್ಗವನ್ನಾದರೂ ಮೇಲೆ ಸೇರಿಸೋಣ ಅಂತ ಏಣಿಗೆ ಹೋದರೆ ಏಣಿಯ ಮೆಟ್ಟಿಲ ಮೇಲೆಲ್ಲ ಜನ ಕೂತಿದ್ದರು, ಚೆನ್ನಾಗಿ ಕಾಣಲಿ ಅಂತ.

ಅಷ್ಟರಲ್ಲಿ ಗಂಡಿನವರ ಆಟೋ ಬಂತು. ಜರಿ ಪೇಟದ ಮಾಲತೇಶಪ್ಪನವರು ಇಳಿದದ್ದೇ ತಡ, ಮುಖ್ಯ ಅತಿಥಿಗಳು ಬಂದರು ಅಂತ ಜನ ದಾರಿ ಬಿಟ್ಟರು, ಬ್ಯಾಂಡು ಜೋರಾಯಿತು, ಯಾರೋ ಹಾರ ಹಾಕಿದರು. ಹೆಣ್ಣು ನೋಡಲು ಬಂದವರಿಗೆ ಹೀಗೆ ಬ್ಯಾಂಡು ಹಚ್ಚುವ ಮನೆತನವನ್ನು ಅವರು ಹರಿಹರದಲ್ಲಿ ಕಂಡಿರಲಿಲ್ಲ. ಬಹಳ ಸಂತೋಷದಿಂದ, ಎಲ್ಲರಿಗೂ ಕೈಮುಗಿಯುತ್ತ, ಎದುರು ಮನೆಯ ಒಳಗೆ ಹೋದರು. ಹಿಂದೆ ಮಗ ಶಿವಯೋಗಿ, ಬಾಯಿಗೆ ಕರವಸ್ತ್ರ. ಕಸ್ತೂರಮ್ಮ ಬಾಗಿಲಲ್ಲಿ ನಿಂತು ಮಸ್ತಾನಸಾಬನ ಕಡೆ ನೋಡಿದ ನೋಟಕ್ಕೆ ತಗಡಾಗಿದ್ದರೆ ಅವನು ಅಲ್ಲೇ ಬಾಗುತ್ತಿದ್ದ.

ಅತಿಥಿಗಳು ಒಳಗೆ ಹೋಗಿಬಿಟ್ಟರು, ಹಗ್ಗ ಎಳೆಯುವವರು ಯಾರು ಅಂತ ಗುಸುಗುಸು ಎದ್ದಿತು. ಆ ಹೊತ್ತಿಗೆ ಸರಿಯಾಗಿ ಸೈಕಲ್ಲಿನ ಕ್ಯಾರಿಯರಿಗೆ ಫೈಲು ಸಿಕ್ಕಿಸಿಕೊಂಡು, ಜೇಬಿನಲ್ಲಿ ಅಳತೆಪಟ್ಟಿ ಇಟ್ಟುಕೊಂಡು ಇನ್ಸ್‌ಪೆಕ್ಟರ್ ನಾಗರಾಜಪ್ಪ ಬಂದರು. ಮುನಿಸಿಪಾಲಿಟಿ ಸಾಹೇಬರು ಬಂದರು ಅಂತ ಒಬ್ಬ ಕೂಗಿದ. ಸೈಕಲ್ಲನ್ನು ಯಾರೋ ಹಿಡಿದುಕೊಂಡರು, ಫೈಲನ್ನು ಯಾರೋ ಹಿಡಿದುಕೊಂಡರು. ತಾವು ಬಂದದ್ದು ಅಳತೆಗೆ ಅಂತ ನಾಗರಾಜಪ್ಪ ಹೇಳಿದ್ದು ಬ್ಯಾಂಡಿನಲ್ಲಿ ಯಾರಿಗೂ ಕೇಳಲಿಲ್ಲ. ಕೊರಳಿಗೆ ಹಾರ ಬಿತ್ತು.

ನಾಗರಾಜಪ್ಪನವರು ನೌಕರಿ ಸೇರಿದಾಗಿನಿಂದ ಎಷ್ಟೋ ಉದ್ಘಾಟನೆಗಳಿಗೆ ಕುರ್ಚಿ ಹಾಕಿಸಿದ್ದರು, ಕತ್ತರಿಯ ತಟ್ಟೆ ಹಿಡಿದಿದ್ದರು, ಬೇರೆಯವರ ಕೊರಳಿಗೆ ಬೀಳುವ ಹಾರಗಳನ್ನು ಕಾದಿದ್ದರು. ತಮ್ಮ ಕೊರಳಿಗೆ ಬಿದ್ದ ಮೊದಲ ಹಾರ ಇದೇ. ಅದನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಮುಖ ಸ್ವಲ್ಪ ಸಡಿಲವಾಯಿತು. ಚೆಂಡುಹೂವು ಕೈಗೆ ಬಂದಾಗ, ದಂತಗಳು ದೇವರು ಕೊಟ್ಟ ವರ, ಅವನ್ನು ದಿನಾ ಬೆಳಿಗ್ಗೆ ತಪ್ಪದೆ ಉಜ್ಜಬೇಕು ಅಂತ ಎರಡು ಮಾತನ್ನೂ ಆಡಿ, ಎಳೆದರು.

ಮಸ್ತಾನಸಾಬನ ಜಾರುಗಂಟು ಎಂದೂ ಕೈಕೊಟ್ಟದ್ದಿಲ್ಲ. ಚಾದರ ಸರ್ರನೆ ಇಳಿದು ನಾಗರಾಜಪ್ಪನವರ ತಲೆಯ ಮೇಲೆ ಬಿತ್ತು, ನವಿಲುಗಳು ಮೇಲಕ್ಕೆ. ಮೇಲೆ ಅದೇ ಹಳೆಯ ಹಲ್ಲು. ಬ್ಯಾಂಡು ನಿಂತಿತು. ಆಗ ಗಾಳಿ ಬಂತು, ಬಾಯಿ ತೆರೆದುಕೊಂಡು ಲಟಲಟ ಅಂದಿತು.

"ಅದೇ ಹಳೇದು," ಅಂದ ಸೋಡಾದವನು.

ಬೀದಿಗೆ ಬೀದಿಯೇ ನಕ್ಕಿತು. ಆ ನಗು ಎದುರು ಮನೆಯ ಕಿಟಕಿಯಿಂದ ಒಳಗೂ ಹೋಯಿತು. ಅಲ್ಲಿ ಮಾಲತೇಶಪ್ಪನವರು ಅವತ್ತು ಮಸ್ತಾನಸಾಬ ಕೂತಿದ್ದ ಕುರ್ಚಿಯಲ್ಲೇ ಕೂತು ಎಲ್ಲ ನೋಡುತ್ತಿದ್ದರು. ಕಸ್ತೂರಮ್ಮ ಕಿಟಕಿ ಹಾಕಲು ಓಡಿದರೆ, ಇರಲಿ ಬಿಡಿ ಅಮ್ಮಾ ಅಂತ ತಡೆದು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕ ರಭಸಕ್ಕೆ ಮೇಲಿನ ಸೆಟ್ಟು ಹಾರಿ ಅಂಗೈಗೆ ಬಂತು. ಅವರು ಅದನ್ನು ಎತ್ತಿ ಹಿಡಿದು ಎದುರಿನ ಬೋರ್ಡಿಗೆ ತಾಳೆ ನೋಡಿದರು. "ಇದರ ಅಣ್ಣ ಅಲ್ಲೇನ್ರಿ ಅದು?"

ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದ ಅನ್ನಪೂರ್ಣ ಇಷ್ಟು ಹೊತ್ತು ತುಟಿ ಬಿಗಿದವಳು ಈ ಮಾತಿಗೆ ಸೋತಳು. ತಟ್ಟೆ ಕೆಳಗಿಟ್ಟು ಗೋಡೆ ಹಿಡಿದುಕೊಂಡು ನಕ್ಕಳು. ಅವಳು ನಕ್ಕದ್ದು ನೋಡಿ ಶಿವಯೋಗಿಯೂ ನಕ್ಕ. ನಗುವಾಗ ಕಣ್ಣೀರು ಬಂತು, ಕರವಸ್ತ್ರ ಕಣ್ಣಿಗೆ ಹೋಯಿತು, ಬಾಯಿ ಬಯಲಾಯಿತು. ಹೊರಚಾಚಿದ ಹಲ್ಲು ಎರಡೂ ಆರಾಮಾಗಿ ಗಾಳಿ ತೆಗೆದುಕೊಂಡವು. ಅನ್ನಪೂರ್ಣ ನೋಡಿದಳು. ನೋಡಿಯೂ ಅದೇ ನಗು ನಗುತ್ತಿದ್ದಳು.

"ಅದು ಗಾಳಿ ಬಂದಾಗೆಲ್ಲ ಹಿಂಗ ಆಡ್ತೈತಾ?" ಅಂತ ಕೇಳಿದ ಶಿವಯೋಗಿ. ಹೆಣ್ಣು ನೋಡಲು ಹೋದ ಮನೆಯಲ್ಲಿ ಅವನು ಆಡಿದ ಮೊದಲ ಮಾತು ಅದು.

"ಇದೇನೂ ಅಲ್ಲ. ಆಷಾಢದಾಗ ಬರ್ರಿ, ಭಾಷಣನೇ ಮಾಡ್ತೈತೆ," ಅಂದಳು ಅನ್ನಪೂರ್ಣ.

ಮಾಲತೇಶಪ್ಪನವರು ಸೆಟ್ಟನ್ನು ಬಾಯಿಗೆ ಸೇರಿಸಿ, ದವಡೆ ಸರಿಮಾಡಿಕೊಂಡು, ತಲೆ ಅಲ್ಲಾಡಿಸಿದರು. "ಆಷಾಢದಾಗ ಅಳಿಯ ಅತ್ತಿ ಮನಿಗೆ ಬರಂಗಿಲ್ಲವ್ವ. ಶ್ರಾವಣದಾಗ ಬರ್ತಾನ ತಗಾ."

ಅಳಿಯ ಅನ್ನುವ ಒಂದು ಮಾತು ಕಿವಿಗೆ ಬಿದ್ದದ್ದೇ ಕಸ್ತೂರಮ್ಮ ಸೆರಗು ಕಣ್ಣಿಗೊತ್ತಿಕೊಂಡರು. ಆಮೇಲೆ ಬಾಗಿಲಿಗೆ ಬಂದು, ಕಾಗದ ಎಲ್ಲೈತೆ ತರ್ರಿ ಸಾಬ್ರೇ ಅಂತ ಇಡೀ ಬೀದಿಗೆ ಕೇಳುವಂತೆ ಕರೆದರು.

ಸಹಿ ಮಾಡಿಸಿಕೊಂಡು ಓಡಿ ಬಂದ ಮಸ್ತಾನಸಾಬನಿಗೆ ಸಂತೋಷಪಡಲು ಪುರುಸೊತ್ತು ಸಿಗಲಿಲ್ಲ. ನಾಗರಾಜಪ್ಪನವರು ಚಾದರದಿಂದ ಹೊರಗೆ ಬಂದು, ಏಣಿ ಖಾಲಿ ಮಾಡಿಸಿ, ಹಾರ ಹಾಕಿಕೊಂಡೇ ಮೇಲೆ ಹತ್ತಿ ಅಳತೆಪಟ್ಟಿ ಬಿಚ್ಚಿದ್ದರು. ಒಮ್ಮೆ ಅಳೆದರು, ಫೈಲಿನ ನಕ್ಷೆ ನೋಡಿದರು, ಮತ್ತೆ ಅಳೆದರು. ಬೋರ್ಡು ನಕ್ಷೆಗಿಂತ ಒಂದು ಮೊಳ ರಸ್ತೆಗೆ ಮುಂದೆ ಬಂದಿತ್ತು. ಇಂಥದ್ದಕ್ಕೆ ಅವರು ಎಷ್ಟೋ ಬೋರ್ಡುಗಳನ್ನು ಕೀಳಿಸಿದವರು. ಮಸ್ತಾನಸಾಬನ ಕಣ್ಣ ಮುಂದೆ ಕೋಳಿಗಳು ಬಂದವು.

ನಾಗರಾಜಪ್ಪನವರು ಏಣಿಯ ಮೇಲೆ ನಿಂತು ಕೆಳಗಿನ ಜನವನ್ನು ನೋಡಿದರು, ಕೊರಳಿನ ಹಾರವನ್ನು ನೋಡಿಕೊಂಡರು, ಹಲ್ಲನ್ನು ನೋಡಿದರು. ಆಮೇಲೆ ಪಟ್ಟಿ ಸುತ್ತಿಕೊಂಡು ಇಳಿದು ಬಂದರು.

"ಇಷ್ಟು ಜನದ ಮುಂದೆ ಹಾರ ಹಾಕಿಸ್ಕೊಂಡು ಉದ್ಘಾಟನೆ ಮಾಡೀನಿ ಸಾಬ್ರೇ," ಅಂದರು ಮೆತ್ತಗೆ. "ನಾಳಿಗೆ ನಾನೇ ಕೀಳ್ರಿ ಅಂತ ಬರದ್ರೆ ಹೆಂಗೆ? ಒಂದು ಮೊಳ ಒಳಗ ಸರಿಸ್ರಿ. ಸರಿಸಿದ ಮ್ಯಾಲೆ ಬಂದು ನೋಡಿ ಬರಕೊಡ್ತೀನಿ."

ಮಸ್ತಾನಸಾಬ ಮರುದಿನವೇ ಕಂಬಿ ಬಿಚ್ಚಿ ಹಲ್ಲನ್ನು ಒಂದು ಮೊಳ ಹಿಂದಕ್ಕೆ ಕೂರಿಸಿದ. ಮೊದಲು ಕಸ್ತೂರಮ್ಮನ ಕಿಟಕಿಯಲ್ಲಿ ಮುಂದಿನ ಹಲ್ಲುಗಳು ಮಾತ್ರ ಕಾಣುತ್ತಿದ್ದವು. ಈಗ ಈ ಕಡೆಯ ದವಡೆಹಲ್ಲಿನಿಂದ ಆ ಕಡೆಯ ದವಡೆಹಲ್ಲಿನವರೆಗೆ ಪೂರ್ತಿ ಬಾಯಿ, ಚೌಕಟ್ಟು ಹಾಕಿಸಿದ ಪಟದಂತೆ ಕಾಣತೊಡಗಿತು. ಕಸ್ತೂರಮ್ಮ ಕಿಟಕಿಯಲ್ಲಿ ನಿಂತು ನೋಡಿದರು. ಕೀಲಿಗೆ ಎಣ್ಣೆ ಬಿಡಬ್ಯಾಡ್ರಿ ಸಾಬ್ರೇ, ಸದ್ದು ಹೋಗ್ತೈತೆ ಅಂದರಷ್ಟೇ.

ತಿಂಗಳು ಮುಗಿಯುವ ಮೊದಲೇ ಪರವಾನಗಿ ಹಿದಾಯತ್ ಹೆಸರಿಗೆ ಬಂತು. ಪ್ಲಾಸ್ಟಿಕ್ ಬೋರ್ಡಿನ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಮದುವೆಗೆ ಬರುವಾಗ ಬಾಯಿ ನೆಟ್ಟಗಿರಲಿ ಅಂತ ಚಾಚಾನನ್ನು ಕುರ್ಚಿಯಲ್ಲಿ ಕೂರಿಸಿ ಮುಂದಿನ ಎರಡು ಹಲ್ಲು ಕಟ್ಟಿಕೊಟ್ಟ. ಹೊಸ ಹಲ್ಲು ಬಂದ ಮೇಲೆ ಮಸ್ತಾನಸಾಬ ತನ್ನ ಹೆಸರು ಹೇಳುವಾಗಲೇ ಸಿಳ್ಳೆ ಬರುತ್ತಿತ್ತು. ಹಜೀರಾಬೀ ಮಾತ್ರ ನವಿಲಿನ ಚಾದರದ ಮೇಲಿನ ಹೆಜ್ಜೆ ಗುರುತುಗಳನ್ನು ಒಗೆದು ಒಗೆದು ಬೈಯುತ್ತಲೇ ಇದ್ದಳು.

ಅನ್ನಪೂರ್ಣನ ಮದುವೆ ಆಷಾಢ ಕಳೆದು, ಮನೆಯ ಮುಂದಿನ ಚಪ್ಪರದಲ್ಲೇ ಆಯಿತು. ಲಗ್ನಪತ್ರಿಕೆಯನ್ನು ಕಸ್ತೂರಮ್ಮ ತಾವೇ ಮುಂದೆ ನಿಂತು ಬರೆಸಿದ್ದರು. ಸ್ಥಳ: ವಧುವಿನ ಸ್ವಗೃಹ, ದೊಡ್ಡ ಹಲ್ಲಿನ ಎದುರು, ಪಿ.ಜೆ. ಬಡಾವಣೆ. ಹರಿಹರದ ಬೀಗರು, ಲೋಕಿಕೆರೆಯ ನೆಂಟರು, ಯಾರೊಬ್ಬರೂ ದಾರಿ ತಪ್ಪಲಿಲ್ಲ. ಕಸ್ತೂರಮ್ಮನ ಸೋದರಮಾವ ಅಜ್ಜಪ್ಪನವರಿಗೆ ಮಾತ್ರ ಓದಲು ಬರುತ್ತಿರಲಿಲ್ಲ. ಅವರು ಹಳೆಯ ನೆನಪಿನ ಮೇಲೆ ಬೇವಿನ ಮರ ಹುಡುಕುತ್ತ ಇಡೀ ಬಡಾವಣೆ ಸುತ್ತಿ, ಎರಡನೆಯ ಪಂಕ್ತಿಯ ಊಟಕ್ಕೆ ಸರಿಯಾಗಿ ಬಂದರು.